ಕಾಲು ಎಲ್ಲಿಡ್ತೀರಿ ಭಾವ?

ಟ್ರಯಂಫ್ ಕಂಪನಿಯ ರಾಕೆಟ್ 3 ಬೈಕಿನಲ್ಲಿ ಎರಡು ಮಾಡೆಲ್: ಆರ್ ಮತ್ತು ಜಿಟಿ. ಎರಡಕ್ಕೂ ಅದೇ 2458 ಸಿಸಿ ಇಂಜಿನ್, ಉದ್ದಕ್ಕೆ ಸಾಲಾಗಿ ನಿಂತ ಮೂರು ಸಿಲಿಂಡರ್. ಅದೇ ಆರು ಗೇರು, ಚೈನಿನ ಬದಲು ಅದೇ ಶಾಫ್ಟ್ ಡ್ರೈವ್, ಅದೇ ಬ್ರೆಂಬೊ ಬ್ರೇಕು, ಹಿಂದೆ ಅದೇ 240 ಮಿ.ಮೀ. ಅಗಲದ ಟೈರು, ಅದೇ 18 ಲೀಟರ್ ಟ್ಯಾಂಕು. 2024ರಲ್ಲಿ ಹೆಸರಿನ ಜೊತೆ ‘ಸ್ಟಾರ್ಮ್’ ಸೇರಿಸಿ ಪವರನ್ನು 167ರಿಂದ 182 ಪಿಎಸ್‌ಗೆ, ಟಾರ್ಕನ್ನು (ಚಕ್ರ ತಿರುಗಿಸುವ ಬಲ) 221ರಿಂದ 225 ಎನ್‌ಎಂಗೆ ಏರಿಸಿದಾಗಲೂ ಎರಡಕ್ಕೂ ಸಮಸಮವಾಗಿಯೇ ಏರಿಸಿದರು. ನಮ್ಮ ರಸ್ತೆಯಲ್ಲಿ ಓಡಾಡುವ ಸ್ವಿಫ್ಟ್ ಕಾರಿನ ಇಂಜಿನ್ 1197 ಸಿಸಿ. ಅಂಥ ಎರಡು ಇಂಜಿನ್ ಸೇರಿಸಿದರೂ ಈ ಬೈಕಿಗಿಂತ ಸ್ವಲ್ಪ ಕಡಿಮೆಯೇ.

ಹಾಗಾದರೆ ವ್ಯತ್ಯಾಸ ಏನು? ಕಾಲಿಡುವ ಜಾಗ. ಆರ್‌ನಲ್ಲಿ ಫುಟ್‌ರೆಸ್ಟ್ ಮಾಮೂಲಿ ಬೈಕಿನ ಹಾಗೆ ಹೆಚ್ಚುಕಡಿಮೆ ಮಂಡಿಯ ಕೆಳಗೆ ಇದೆ. ಜಿಟಿಯಲ್ಲಿ ಕಾಲನ್ನು ಮುಂದಕ್ಕೆ ಚಾಚಿ ಇಡಬೇಕು. ಸೀಟಿನ ಎತ್ತರ ಆರ್‌ನಲ್ಲಿ 773 ಮಿ.ಮೀ., ಜಿಟಿಯಲ್ಲಿ 750. ಜಿಟಿಯ ಹ್ಯಾಂಡಲ್ ಸವಾರನ ಕಡೆಗೆ ಬಾಗಿ ಬಂದಿದೆ. ಮುಂದೆ ಗಾಳಿ ತಡೆಯಲು ಒಂದು ಪುಟ್ಟ ಫ್ಲೈಸ್ಕ್ರೀನ್, ಹಿಂದೆ ಕೂತವರಿಗೆ ಒರಗಿಕೊಳ್ಳಲು ಬ್ಯಾಕ್‌ರೆಸ್ಟ್, ಹಿಡಿಕೆಯಲ್ಲಿ ಹೀಟರ್. ತೂಕ 3 ಕೆ.ಜಿ. ಜಾಸ್ತಿ. 2024ರಲ್ಲಿ ಬಂದಾಗ ಎಕ್ಸ್‌-ಶೋರೂಮ್ ಬೆಲೆ ಆರ್‌ಗೆ 21.99 ಲಕ್ಷ, ಜಿಟಿಗೆ 22.59 ಲಕ್ಷ. ಇಷ್ಟೇ. ಇಷ್ಟರ ಮೇಲೆ ನಮ್ಮನೆಯಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಅದು ಕೆಲಸವಿಲ್ಲದವರ ಚರ್ಚೆ ಅಂತ ನನಗೆ ಈಗಲೂ ಅನಿಸುವುದಿಲ್ಲ.

ಕೊಳ್ಳುವವರು ನಾನಲ್ಲ, ನಮ್ಮ ಭಾವ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಕುಲುಕಿ ನೋಡಿ ರೇಟು ಹೇಳುವ ಮನುಷ್ಯ. ಕಾಲೇಜಿನ ಕಾಲದಲ್ಲಿ ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್ ಓಡಿಸಿದವರು. ಆ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ್ದನ್ನು ಮನೆಯವರೇ ಯಾರೋ ಹೋದರು ಅನ್ನುವ ದನಿಯಲ್ಲಿ ಹೇಳುತ್ತಾರೆ. ಮಕ್ಕಳ ಓದು ಮುಗಿಯಿತು, ಗೋಡೌನ್ ಸಾಲ ತೀರಿತು, ಈಗ ಜೀವನದಲ್ಲಿ ಒಂದು ದೊಡ್ಡ ಗಾಡಿ ಬೇಕು. ನನ್ನ ಮನೆಯಲ್ಲಿರುವುದು 350 ಸಿಸಿ ಬೈಕು; ಆದರೂ ಬೈಕಿನ ಬಗ್ಗೆ ಓದುತ್ತಿರುತ್ತೇನೆ ಅನ್ನುವ ಒಂದೇ ಕಾರಣಕ್ಕೆ ಸಲಹೆಗಾರನ ಪಟ್ಟ ನನಗೆ ಬಂತು.

“ನೋಡಯ್ಯ, ಇಂಜಿನ್ ಒಂದೇ ಅಂದ್ಮೇಲೆ ಕಡಿಮೆ ರೇಟಿಂದು ತಗೊಂಡ್ರಾಯ್ತು. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?” ಅಂದರು.

“ಇಂಜಿನ್ ಒಂದೇ ಭಾವ. ಅದರ ಮೇಲೆ ನೀವು ಕೂರೋದು ಬೇರೆ ಬೇರೆ ಥರ” ಅಂದೆ. ಮಾತು ಅಲ್ಲಿಂದ ಶುರುವಾಯಿತು.

ಇಂಥ ಜೋಡಿ ಮಾಡೆಲ್‌ಗಳು ನಮಗೆ ಹೊಸದೇನಲ್ಲ. 2015ರ ಕೊನೆಯಲ್ಲಿ ಬಜಾಜ್ ಅವೆಂಜರ್ 220ಯನ್ನು ಕ್ರೂಸ್, ಸ್ಟ್ರೀಟ್ ಅಂತ ಎರಡು ಮಾಡಿ ಬಿಟ್ಟಿದ್ದು ನೆನಪಿರಬಹುದು. ಒಂದಕ್ಕೆ ಎತ್ತರದ ಹ್ಯಾಂಡಲ್, ಕ್ರೋಮು, ಬ್ಯಾಕ್‌ರೆಸ್ಟ್; ಇನ್ನೊಂದಕ್ಕೆ ಚಪ್ಪಟೆ ಹ್ಯಾಂಡಲ್ ಮತ್ತು ಮೈತುಂಬಾ ಕಪ್ಪು. ನಾನು ಕ್ರೂಸ್ ಇಟ್ಟುಕೊಂಡಿದ್ದೆ. ಕಾಲು ಚಾಚಿ ಕೂತು ಬೈಕು ಓಡಿಸುವುದು ಅಂದರೆ ಏನು ಅಂತ ನನಗೆ ಗೊತ್ತಿರುವುದೆಲ್ಲ ಆ ಗಾಡಿ ಕಲಿಸಿದ್ದು. ಈಗ ರಾಯಲ್ ಎನ್‌ಫೀಲ್ಡ್‌ನವರೂ ಒಂದೇ 648 ಸಿಸಿ ಇಂಜಿನ್ನಿಗೆ ಹಲವು ಮೈ ಕೊಟ್ಟಿದ್ದಾರೆ. ಸೂಪರ್ ಮೀಟಿಯಾರ್‌ನಲ್ಲಿ ಸೀಟು 740 ಮಿ.ಮೀ., ಕಾಲು ಮುಂದೆ. ಶಾಟ್‌ಗನ್‌ನಲ್ಲಿ 795 ಮಿ.ಮೀ., ಕಾಲು ಮಧ್ಯದಲ್ಲಿ. ಪವರು ಎರಡರದ್ದೂ ಅದೇ 47 ಪಿಎಸ್.

ಹೊರಗಿನ ದೊಡ್ಡ ಕಂಪನಿಗಳಿಗೂ ಇದು ಹಳೆಯ ತಲೆಬಿಸಿ. ಅಮೆರಿಕದ ಹಾರ್ಲೆಯವರ ವಿ-ರಾಡ್ ಸಾಲಿನಲ್ಲಿ 2006ರಲ್ಲಿ ಸ್ಟ್ರೀಟ್ ರಾಡ್ ಮತ್ತು ನೈಟ್ ರಾಡ್ ಬಂದವು, ಎರಡಕ್ಕೂ ಫುಟ್‌ರೆಸ್ಟ್ ಮಧ್ಯದಲ್ಲಿ. ಮರುವರ್ಷ ಕಾಲು ಮುಂದೆ ಚಾಚುವ ನೈಟ್ ರಾಡ್ ಸ್ಪೆಷಲ್ ಬಂತು. ಸ್ಟ್ರೀಟ್ ರಾಡ್ ಎರಡೇ ವರ್ಷಕ್ಕೆ, ನೈಟ್ ರಾಡ್ 2008ಕ್ಕೆ ನಿಂತುಹೋದವು. ಸ್ಪೆಷಲ್ ಮಾತ್ರ 2017ರಲ್ಲಿ ಇಡೀ ವಿ-ರಾಡ್ ಸಂತತಿ ಮುಗಿಯುವವರೆಗೂ ಬಾಳಿತು. ಡುಕಾಟಿಯವರು 2011ರ ಡಯಾವೆಲ್‌ನಲ್ಲಿ ಕಾಲನ್ನು ಮಧ್ಯದಲ್ಲಿಟ್ಟು, ಐದು ವರ್ಷದ ನಂತರ ಎಕ್ಸ್‌ಡಯಾವೆಲ್ ಅಂತ ಕಾಲು ಮುಂದಿರುವ ಇನ್ನೊಂದನ್ನು ಮಾಡಿದರು. ಕ್ರೂಸರ್, ಅಂದರೆ ತಗ್ಗು ಸೀಟಿನ ಇಂಥ ದೊಡ್ಡ ಬೈಕು, ಕೊಳ್ಳುವ ಜನಕ್ಕೆ ಕಾಲು ಚಾಚಬೇಕು, ಅದು ಮಾರುಕಟ್ಟೆ ಮತ್ತೆ ಮತ್ತೆ ಹೇಳಿರುವ ಮಾತು. ನನ್ನ ತಕರಾರು ಮಾರುಕಟ್ಟೆಯ ಜೊತೆಗೆ.

ಟ್ರಯಂಫ್‌ನವರದ್ದೇ ಹಳೆಯ ಕಥೆ ಇನ್ನೂ ಸ್ವಾರಸ್ಯ. 2004ರಲ್ಲಿ 2294 ಸಿಸಿಯ ಮೊದಲ ರಾಕೆಟ್ ಬಂತು. ಆಮೇಲೆ 2008ರಲ್ಲಿ ಅದರ ಟೂರಿಂಗ್ ಮಾಡೆಲ್ ಮಾಡಿದಾಗ ಬರೀ ಸೀಟು, ಹ್ಯಾಂಡಲ್ ಬದಲಿಸಿ ಸುಮ್ಮನಾಗಲಿಲ್ಲ. ಇಂಜಿನ್ನಿನ ಪವರ್ ಇಳಿಸಿದರು, ಹಿಂದಿನ 240ರ ಟೈರು ತೆಗೆದು 180ರದ್ದು ಹಾಕಿದರು. ಆಗ ಮಾಡೆಲ್ ಆರಿಸುವುದು ಅಂದರೆ ನಿಜಕ್ಕೂ ಬೇರೆ ಗಾಡಿ ಆರಿಸುವುದು. ನನಗೆ ಅದೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಈಗಿನದು ಇಂಜಿನ್ ಒಂದೇ ಇಟ್ಟು, ಅದನ್ನು ತಡೆದುಕೊಳ್ಳುವ ಕೆಲಸವನ್ನು ಸವಾರನ ಮೈಗೆ ಎರಡು ಥರ ಹಂಚಿರುವ ಲೆಕ್ಕ.

ತಡೆದುಕೊಳ್ಳುವುದು ಅಂದೆನಲ್ಲ, ಅದೇ ಇಲ್ಲಿ ಮುಖ್ಯ. ಈ ಬೈಕು ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ, ಅಂದರೆ ಸುಮಾರು 96 ಕಿ.ಮೀ. ಮುಟ್ಟಲು ಕಂಪನಿ ದಾಖಲಿಸಿದ ಸಮಯ 2.73 ಸೆಕೆಂಡು. ಲೆಕ್ಕ ಹಾಕಿ ನೋಡಿ: ಸರಾಸರಿ ವೇಗೋತ್ಕರ್ಷ ಹೆಚ್ಚುಕಡಿಮೆ ಗುರುತ್ವಾಕರ್ಷಣೆಯಷ್ಟೇ ಆಯಿತು. 80 ಕೆ.ಜಿ. ತೂಗುವ ಭಾವನನ್ನು ಆ ಮೂರು ಸೆಕೆಂಡು 80 ಕೆ.ಜಿ. ಬಲ ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗಾಟಕ್ಕೆ ಎದುರು ನಿಲ್ಲುವವರು ಯಾರು? ಕಾಲು ಮಧ್ಯದಲ್ಲಿದ್ದರೆ ತೊಡೆ ಟ್ಯಾಂಕನ್ನು ಒತ್ತಿ ಹಿಡಿಯುತ್ತದೆ, ಪಾದ ಫುಟ್‌ರೆಸ್ಟನ್ನು ಕಚ್ಚುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಕೈಯ ಮೇಲಿನ ಹೊರೆ ಕಡಿಮೆಯಾಗುತ್ತದೆ. ಕಾಲು ಮುಂದಿದ್ದರೆ ಅದು ನೆರವಾಗುವುದಿಲ್ಲ; ಪಾದದಿಂದ ಒತ್ತಿದಷ್ಟೂ ನೀವೇ ಹಿಂದಕ್ಕೆ ಜಾರುತ್ತೀರಿ. ಆಗ ಉಳಿಯುವುದು ಎರಡೇ: ಸೀಟಿನ ಹಿಂದಿನ ಏರು, ಮತ್ತು ಹ್ಯಾಂಡಲ್ ಹಿಡಿದ ಕೈ. ಹ್ಯಾಂಡಲ್ ಹಿಡಿದು ನೇತಾಡುವ ಕೈಯಲ್ಲೇ ಆ್ಯಕ್ಸಿಲರೇಟರೂ ಇದೆ ಅನ್ನುವುದನ್ನು ಮರೆಯಬಾರದು.

ಬ್ರೇಕ್ ಹಾಕುವಾಗ ಆಟ ತಿರುವುಮುರುವು. ಕಾಲು ಮುಂದೆ ಚಾಚಿದ್ದರೆ ಒದ್ದುಕೊಂಡು ನಿಲ್ಲಲು ಗಟ್ಟಿ ನೆಲೆ ಸಿಗುತ್ತದೆ. ಕಾಲು ಮಧ್ಯದಲ್ಲಿದ್ದರೆ ಎದೆಯ ಭಾರವೆಲ್ಲ ಮಣಿಕಟ್ಟಿಗೆ ಬರುತ್ತದೆ. ಅಂದರೆ ಮೈಯ ದೃಷ್ಟಿಯಿಂದ ಆರ್ ಹೊರಡುವುದಕ್ಕೆ ಚೆನ್ನ, ಜಿಟಿ ನಿಲ್ಲುವುದಕ್ಕೆ ಚೆನ್ನ. ಆದರೆ ಜಿಟಿಯಲ್ಲಿ ಒದ್ದುಕೊಳ್ಳುತ್ತಿರುವ ಅದೇ ಬಲಗಾಲು ಹಿಂದಿನ ಬ್ರೇಕನ್ನೂ ಒತ್ತಬೇಕು. ಕಾರ್ನರಿಂಗ್ ಎಬಿಎಸ್ ಇರುವುದರಿಂದ ಚಕ್ರ ಲಾಕ್ ಆಗಲಿಕ್ಕಿಲ್ಲ, ಸರಿ. ಎಷ್ಟು ಒತ್ತಿದೆ ಅನ್ನುವ ಅಂದಾಜು ಮಾತ್ರ ಕಾಲಿಗೆ ಸಿಗುವುದು ಕಷ್ಟ.

ಇದನ್ನೆಲ್ಲ ಭಾವನಿಗೆ ವಿವರಿಸಿದೆ. “ನಾನೇನು ದಿನಾ ಮೂರು ಸೆಕೆಂಡಲ್ಲಿ ನೂರು ಹೊಡೀತೀನಾ? ಬಿ.ಎಚ್. ರೋಡಲ್ಲಿ ಎಂಬತ್ತರಲ್ಲಿ ಹೋಗ್ತೀನಿ” ಅಂದರು. ನಿಜ, ಒಪ್ಪಬೇಕಾದ ಮಾತೇ. ಹಾಗಾದರೆ ಹಂಪ್‌ಗಳ ವಿಚಾರಕ್ಕೆ ಬನ್ನಿ ಅಂದೆ.

ರೋಡ್ ಹಂಪ್ ಹೇಗಿರಬೇಕು ಅನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ: ರಸ್ತೆಯ ಉದ್ದಕ್ಕೆ 3.7 ಮೀಟರ್, ಎತ್ತರ 10 ಸೆಂ.ಮೀ. ಅದರ ಮೇಲೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ಹೋಗಬಹುದು. ನಮ್ಮ ಊರುಗಳಲ್ಲಿ ಆ ಅಳತೆಯ ಹಂಪ್ ನೋಡಿದವರಿದ್ದರೆ ತಿಳಿಸಿ. ಶಾಲೆ ಇದ್ದರೆ ಒಂದು, ದೇವಸ್ಥಾನ ಇದ್ದರೆ ಒಂದು, ಯಾರಾದರೂ ಬಿದ್ದಿದ್ದರೆ ಒಂದು. ರಾತ್ರೋರಾತ್ರಿ ಜಲ್ಲಿ-ಸಿಮೆಂಟು ಸುರಿದು ಗುಡ್ಡೆ ಹಾಕಿದ್ದು, ಮೇಲೆ ಬಿಳಿ ಬಣ್ಣವೂ ಇಲ್ಲ. ಮಾಮೂಲಿ ಬೈಕಿನವರು ಅಂಥದ್ದು ಕಂಡರೆ ಯೋಚನೆಯನ್ನೇ ಮಾಡದೆ ಏನು ಮಾಡುತ್ತಾರೆ? ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ಎರಡು ಬೆರಳು ಮೇಲೇಳುತ್ತಾರೆ. ಮಂಡಿ ಬಾಗುತ್ತದೆ, ಏಟು ಅಲ್ಲೇ ಕರಗುತ್ತದೆ. ಕಾಲು ಮುಂದಿರುವ ಬೈಕಿನಲ್ಲಿ ಹಾಗೆ ಏಳಲು ಬರುವುದಿಲ್ಲ. ನಂಬಿಕೆ ಬಾರದಿದ್ದರೆ ಕುರ್ಚಿಯಲ್ಲಿ ಕೂತು, ಕಾಲು ಮುಂದೆ ಚಾಚಿ, ಕೈ ಊರದೆ ಏಳಲು ನೋಡಿ. ಏಳುವುದಕ್ಕೆ ಹ್ಯಾಂಡಲ್ಲನ್ನೇ ಜಗ್ಗಬೇಕು. ಹಂಪ್ ಮೇಲೆ ಹ್ಯಾಂಡಲ್ ಜಗ್ಗುವುದು ಯಾರೂ ಮಾಡಬಾರದ ಕೆಲಸ. ಹಾಗಾಗಿ ಏಟು ನೇರ ಬಾಲಮೂಳೆಗೆ, ಅಲ್ಲಿಂದ ಸೊಂಟಕ್ಕೆ. ಅವೆಂಜರ್‌ನಲ್ಲಿ ಅರಸೀಕೆರೆ ದಾಟಿ ಕಡೂರಿನ ಕಡೆ ಹೋಗುವಾಗಲೆಲ್ಲ ನನ್ನ ಬೆನ್ನು ಇದನ್ನು ಚೆನ್ನಾಗಿ ಕಲಿತಿದೆ. ಕಾಲು ಚಾಚಿದಾಗ ಸೊಂಟ ಹಿಂದಕ್ಕೆ ಮಗುಚಿಕೊಂಡು ಬೆನ್ನು ಗೂನಾಗುತ್ತದೆ, ಗೂನಾದ ಬೆನ್ನಿಗೆ ಬಿದ್ದ ಏಟು ಎರಡರಷ್ಟು ಅನ್ನಿಸುತ್ತದೆ.

ಕಾಲು ಚಾಚುವ ಬೈಕು ಹುಟ್ಟಿದ್ದು ಅಮೆರಿಕದ ಹೆದ್ದಾರಿಗಳಿಗೆ. ದಿನವಿಡೀ ಒಂದೇ ವೇಗ, ಒಂದೇ ನೇರ, ನಡುವೆ ಹಂಪೂ ಇಲ್ಲ ಎಮ್ಮೆಯೂ ಇಲ್ಲ. ನಮ್ಮಲ್ಲಿ ಅದಕ್ಕೆ ಸ್ವಲ್ಪವಾದರೂ ಹತ್ತಿರದ್ದು ಅಂದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. ಅಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. 2458 ಸಿಸಿ ಇರಲಿ, 100 ಸಿಸಿ ಇರಲಿ, ಎಲ್ಲರೂ ಸರ್ವಿಸ್ ರಸ್ತೆ. ಪಕ್ಕದಲ್ಲಿ 800 ಸಿಸಿ ಕಾರು ಗತ್ತಿನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುತ್ತಿರುತ್ತದೆ. ಸುರಕ್ಷತೆಯ ಕಾರಣ ನನಗೆ ಅರ್ಥವಾಗುತ್ತದೆ, ಆದರೂ ಹೊಟ್ಟೆ ಉರಿಯುತ್ತದೆ. ಬೆಂಗಳೂರಿನಿಂದ ಚಿತ್ರದುರ್ಗದ ಕಡೆ ಹೋಗುವ ಹೆದ್ದಾರಿಯಲ್ಲಿ ಜಿಟಿ ಚೆನ್ನಾಗಿ ಒಪ್ಪುತ್ತದೆ. ಆದರೆ ಭಾವನ ಮನಸ್ಸಿರುವುದು ಮಲೆನಾಡಿನ ಕಡೆ. ತೀರ್ಥಹಳ್ಳಿ ದಾಟಿ ಆಗುಂಬೆ ಇಳಿಯುವ ಆ ತಿರುವುಗಳಲ್ಲಿ 1677 ಮಿ.ಮೀ. ವೀಲ್‌ಬೇಸಿನ (ಎರಡು ಚಕ್ರಗಳ ನಡುವಿನ ದೂರ) ಗಾಡಿ ತಿರುಗಿಸುವುದು ಎರಡರಲ್ಲೂ ಸಾಹಸವೇ. ಸ್ಪ್ಲೆಂಡರಿನ ವೀಲ್‌ಬೇಸಿಗಿಂತ ಇದು ಒಂದೂವರೆ ಅಡಿಯ ಹತ್ತಿರ ಉದ್ದ. ಮೇಲಿಂದ ಅಗಲದ ಹಿಂದಿನ ಟೈರು ಬಾಗುವುದಕ್ಕೇ ಒಲ್ಲೆ ಅನ್ನುತ್ತದೆ. ಅದನ್ನು ಒಪ್ಪಿಸುವುದು ತೊಡೆ ಮತ್ತು ಪಾದದ ಕೆಲಸ. ಕಾಲು ಮುಂದಿದ್ದರೆ ಆ ಕೆಲಸವೂ ಕೈಗೇ ಬೀಳುತ್ತದೆ.

ಇಷ್ಟಾದ ಮೇಲೆ ಆರ್ ಅಂತ ತೀರ್ಮಾನ ಆಗಬೇಕಿತ್ತು. ನನ್ನ ಮಟ್ಟಿಗೆ ಆಗಿಯೂ ಇತ್ತು.

ಬೆಂಗಳೂರಿನ ಶೋರೂಮಿಗೆ ಹೋದಾಗ ಟೆಸ್ಟ್ ರೈಡಿಗೆ ಇದ್ದದ್ದು ಆರ್ ಮಾತ್ರ. ಜಿಟಿ ನಿಂತಿತ್ತು, ಕೂತು ನೋಡಬಹುದು ಅಷ್ಟೇ. ಇಷ್ಟು ದುಬಾರಿ ಗಾಡಿಗಳಲ್ಲಿ ಎರಡೂ ಮಾಡೆಲ್ ಓಡಿಸಿ ನೋಡಿ ಆರಿಸುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಅರ್ಧ ತೀರ್ಮಾನ ಊಹೆಯ ಮೇಲೇ. ಭಾವ ಆರ್ ಮೇಲೆ ಕೂತು ಎಂದಿನ ಅಭ್ಯಾಸದ ಹಾಗೆ ಒಮ್ಮೆ ಆ ಕಡೆ ಈ ಕಡೆ ಕುಲುಕಿ ನೋಡಿದರು. ಕೊಬ್ಬರಿ ಅಲ್ಲವಲ್ಲ, ಅಲುಗಲಿಲ್ಲ. ಸ್ಟಾರ್ಟ್ ಮಾಡಿ ನಿಂತಲ್ಲೇ ಆ್ಯಕ್ಸಿಲರೇಟರ್ ತಿರುಗಿಸಿದರೆ ಗಾಡಿ ಒಂದು ಪಕ್ಕಕ್ಕೆ ಸಣ್ಣಗೆ ತುಯ್ಯುತ್ತದೆ. ಕ್ರ್ಯಾಂಕ್, ಅಂದರೆ ಒಳಗೆ ತಿರುಗುವ ಮುಖ್ಯ ದಂಡ, ಗಾಡಿಯ ಉದ್ದಕ್ಕೆ ಇರುವ ಇಂಜಿನ್ನಿನ ಗುಣ ಅದು. ಅವರ ಮುಖ ನೋಡಿದರೆ ದುಡ್ಡು ಆ ಕ್ಷಣದಲ್ಲೇ ಖರ್ಚಾಗಿಬಿಟ್ಟಿತ್ತು.

ಒಂದು ಸುತ್ತು ಹಾಕಿ ಬಂದರು. ನಾನೂ ಹೋಗಿ ಬಂದೆ. ಓಡುವಾಗ ಅದು ತೂಕದ ಗಾಡಿ ಅಂತ ಅನ್ನಿಸುವುದೇ ಇಲ್ಲ. ಯಾವ ಗೇರಿನಲ್ಲಿದ್ದೇವೆ ಅನ್ನುವುದು ಮುಖ್ಯವಲ್ಲ, ಕೈ ತಿರುಗಿಸಿದರೆ ಹೋಗುತ್ತದೆ. ಎಕ್ಸಾಸ್ಟ್ ಪೈಪುಗಳು ಇಂಜಿನ್ನಿನ ಬಲಕ್ಕೆ ಇಳಿಯುವುದರಿಂದ ಸಿಗ್ನಲ್ಲಿನಲ್ಲಿ ನಿಂತಾಗ ಬಲಗಾಲಿಗೆ ಬಿಸಿ ತಟ್ಟುತ್ತದೆ. ಆ ಸುಖದುಃಖ ಎರಡೂ ಮಾಡೆಲ್‌ಗೆ ಸಮಾನ.

ಸಮಸ್ಯೆ ಬಂದದ್ದು ವಾಪಸ್ ತಂದು ನಿಲ್ಲಿಸುವಾಗ. ಶೋರೂಮಿನ ಮುಂದೆ ಸಣ್ಣ ಇಳಿಜಾರು. ಮೂತಿ ಕೆಳಗೆ ಮಾಡಿ ನಿಂತ ಗಾಡಿಯನ್ನು ಭಾವ ಕೂತೇ ಹಿಂದಕ್ಕೆ ತಳ್ಳಲು ನೋಡಿದರು. ಐದಡಿ ಐದಂಗುಲದ ಆಳು, ಆರ್‌ನ ಅಗಲದ ಸೀಟಿನ ಮೇಲೆ ಕೂತರೆ ಹಿಮ್ಮಡಿ ಸರಿಯಾಗಿ ನೆಲ ಮುಟ್ಟುವುದಿಲ್ಲ. ಬರೀ ಬೆರಳ ತುದಿಯಲ್ಲಿ ನೂಕಿದರೆ 317 ಕೆ.ಜಿ. ಮಿಸುಕುತ್ತದೆಯೇ? ಶೋರೂಮಿನ ಹುಡುಗರಿಬ್ಬರು ಬಂದು ಮುಂದಿನಿಂದ ತಳ್ಳಿದರು. ಹೋಂಡಾ ಗೋಲ್ಡ್‌ವಿಂಗ್‌ನಲ್ಲಾದರೆ ರಿವರ್ಸ್ ಇದೆ, ಇದರಲ್ಲಿ ಇಲ್ಲ. ಹಿಲ್ ಹೋಲ್ಡ್ ಇದೆ. ಅದು ಏರಿನಲ್ಲಿ ಹಿಂದೆ ಜಾರದ ಹಾಗೆ ಹಿಡಿದುಕೊಳ್ಳುತ್ತದೆಯೇ ಹೊರತು ಹಿಂದಕ್ಕೆ ಒಯ್ಯುವುದಿಲ್ಲ.

ತಿಪಟೂರಿನ ಮನೆ ನೆನಪಾಯಿತು. ರಸ್ತೆ, ಪಕ್ಕದಲ್ಲಿ ಚರಂಡಿ, ಚರಂಡಿಯ ಮೇಲೆ ಕಲ್ಲುಚಪ್ಪಡಿ, ಅಲ್ಲಿಂದ ಗೇಟಿನವರೆಗೆ ಸಿಮೆಂಟಿನ ಏರು. ನಮ್ಮೂರುಗಳ ಎಲ್ಲ ಮನೆಗಳ ಮುಂದೂ ಇರುವಂಥದ್ದೇ. ಹತ್ತಡಿಗೆ ಒಂದಡಿ ಏರು ಅಂತಿಟ್ಟುಕೊಂಡರೂ ಗಾಡಿ ಮತ್ತು ಸವಾರ ಸೇರಿ 400 ಕೆ.ಜಿ., ಅದರ ಹತ್ತನೇ ಒಂದು ಪಾಲು ಅಂದರೆ 40 ಕೆ.ಜಿ. ಬಲ ಯಾವಾಗಲೂ ಇಳಿಜಾರಿನ ಕಡೆಗೆ ಜಗ್ಗುತ್ತಿರುತ್ತದೆ. ಒಳಗೆ ನುಗ್ಗಿಸುವುದು ಇಂಜಿನ್ ಕೆಲಸ. ಬೆಳಿಗ್ಗೆ ಹೊರಗೆ ತರುವುದು? ಹಿಂದಕ್ಕೆ ಇಳಿಸಬೇಕು, ಮುಂದಿನ ಬ್ರೇಕು ಹಿಡಿದು ಬಿಟ್ಟು ಹಿಡಿದು ಬಿಟ್ಟು. ಅಂಗಾಲು ಪೂರ್ತಿ ನೆಲಕ್ಕೆ ಕೂರದಿದ್ದರೆ ಯಾವತ್ತೋ ಒಂದು ಮಳೆಗಾಲದ ಬೆಳಿಗ್ಗೆ ಪಾಚಿಗಟ್ಟಿದ ಚಪ್ಪಡಿಯ ಮೇಲೆ ಕಾಲು ಜಾರುತ್ತದೆ. ಇಂಥ ಗಾಡಿಗಳು ಬೀಳುವುದು ನೂರರ ವೇಗದಲ್ಲಿ ಅಲ್ಲ, ಮನೆ ಗೇಟಿನ ಹತ್ತಿರ, ಸೊನ್ನೆ ವೇಗದಲ್ಲಿ.

ಜಿಟಿ ಮೇಲೆ ಕೂತರು. 23 ಮಿ.ಮೀ. ಅಂದರೆ ಒಂದು ಅಂಗುಲಕ್ಕೂ ಕಡಿಮೆ. ಆದರೆ ಎರಡೂ ಹಿಮ್ಮಡಿ ನೆಲಕ್ಕೆ ಕೂತವು. ಭಾವ ನನ್ನ ಮುಖ ನೋಡಿದರು, ನಾನು ಬೇರೆ ಕಡೆ ನೋಡಿದೆ.

ಅಷ್ಟರಲ್ಲಿ ಅಕ್ಕ ಬಂದಳು. ಅವಳನ್ನು ಕರೆದುಕೊಂಡು ಹೋಗುವುದು ಬೇಡ ಅಂತ ಭಾವನ ಮೊದಲ ಪ್ಲಾನು. ಬಜೆಟ್ ಪ್ರಶ್ನೆ ಏಳುತ್ತದೆ ಅನ್ನುವ ಭಯ. ಅಕ್ಕ ದುಡ್ಡಿನ ಮಾತೇ ಆಡಲಿಲ್ಲ. ಆರ್‌ನ ಹಿಂದಿನ ಸೀಟನ್ನು ಅಂಗೈಯಿಂದ ತಟ್ಟಿ, “ಇಲ್ಲಿ ನಾನು ಕೂರೋದಾ?” ಅಂದಳು. ಹಿಂದಿನವರ ಫುಟ್‌ರೆಸ್ಟು ಮಡಚಿಕೊಂಡರೆ ಕಣ್ಣಿಗೇ ಕಾಣದ ಹಾಗೆ ಒಳಗೆ ಸೇರಿಕೊಳ್ಳುತ್ತದೆ, ಇಂಜಿನಿಯರಿಂಗ್ ದೃಷ್ಟಿಯಿಂದ ಬಲು ಚೆಂದ. ಅಕ್ಕನಿಗೆ ಅದು ಅಪಶಕುನವಾಗಿ ಕಂಡಿತು. “ಕಾಲಿಡೋ ಜಾಗಾನೇ ಬಚ್ಚಿಟ್ಟಿದಾರೆ ಅಂದ್ರೆ ಇದು ಇಬ್ಬರು ಕೂರೋ ಗಾಡಿ ಅಲ್ಲ ಕಣೋ.”

ನಮ್ಮ ಮೋಟಾರು ವಾಹನ ನಿಯಮದಲ್ಲಿ ಹಿಂದೆ ಕೂತವರಿಗೆ ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಹಿಂದಿನ ಚಕ್ರದ ಅರ್ಧಕ್ಕಾದರೂ ಬಟ್ಟೆ ಸಿಕ್ಕದ ಹಾಗೆ ಮರೆ ಇರಬೇಕು. ಸೀರೆ ಗಾರ್ಡ್ ಅಂತ ನಾವು ಕರೆಯುವುದು ಅದನ್ನೇ. ಹಿಂದೆ ಒಬ್ಬರು ಇರುತ್ತಾರೆ ಅಂತ ಊಹಿಸಿಕೊಂಡೇ ಬರೆದ ನಿಯಮ. ಪರ್ಫಾರ್ಮೆನ್ಸ್ ಕ್ರೂಸರ್ ಮಾಡುವವರ ಊಹೆಯಲ್ಲಿ ಹೆಚ್ಚಾಗಿ ಸವಾರ ಒಬ್ಬನೇ. ಮೊದಲು ಹೇಳಿದ ಆ 2.73 ಸೆಕೆಂಡಿನ ಲೆಕ್ಕವನ್ನು ಹಿಂದೆ ಕೂತವರ ಕಡೆಯಿಂದ ನೋಡಿ: ಸವಾರನಿಗೆ ಹಿಡಿಯಲು ಹ್ಯಾಂಡಲ್ ಇದೆ, ಯಾವಾಗ ಜಗ್ಗುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಹಿಂದಿನವರಿಗೆ ಎರಡೂ ಇಲ್ಲ. ಹಿಂದೆ ಒರಗು ಇಲ್ಲದಿದ್ದರೆ ಗಂಡನ ಸೊಂಟವನ್ನೇ ಗಟ್ಟಿಯಾಗಿ ಅವುಚಿಕೊಳ್ಳಬೇಕು. ಸಿನಿಮಾಕ್ಕೆ ಅದು ಸರಿ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವರು ತಿಪಟೂರಿನಿಂದ ಶೃಂಗೇರಿಗೆ ಹಾಗೇ ಹೋಗಲು ಆಗುತ್ತದೆಯೇ?

ಜಿಟಿಯ ಹಿಂದೆ ಕೂತು ಅಕ್ಕ ಬೆನ್ನು ಆನಿಸಿದಳು. “ರೀ, ಇದು ಪರವಾಗಿಲ್ಲ” ಅಂದಳು. ಅಷ್ಟೇ.

ನಾನು ಬಿಡಲಿಲ್ಲ. ಆರ್ ತಗೊಂಡು ಬ್ಯಾಕ್‌ರೆಸ್ಟ್ ಬೇರೆಯಾಗಿ ಹಾಕಿಸಿಕೊಳ್ಳಬಹುದಲ್ಲ, ಸೀಟನ್ನೂ ಬದಲಿಸಬಹುದಲ್ಲ, ಎರಡರ ಸಾಮಾನುಗಳೂ ಒಂದಕ್ಕೊಂದು ಹೊಂದುವ ಹಾಗೇ ಮಾಡಿದ್ದಾರಲ್ಲ ಅಂತ ವಾದಿಸಿದೆ. ಕಾಲು ಮಧ್ಯದಲ್ಲಿ, ಸೀಟು ತಗ್ಗಿನಲ್ಲಿ, ಹಿಂದೆ ಒರಗು: ಎಲ್ಲರಿಗೂ ಒಳ್ಳೆಯದು. ಮನಸ್ಸಿನಲ್ಲೇ ಒಂದು ಮೂರನೇ ಮಾಡೆಲ್ ತಯಾರಿಸಿ ಬಹಳ ಹೆಮ್ಮೆಪಟ್ಟೆ. ಭಾವ ಆರ್ ಮೇಲೆ ಮತ್ತೊಮ್ಮೆ ಕೂತು, ಫುಟ್‌ರೆಸ್ಟ್ ಮೇಲೆ ಕಾಲಿಟ್ಟು, ತಮ್ಮ ಮಂಡಿಯ ಮಡಿಕೆ ತೋರಿಸಿದರು. ಮಂಡಿಗೆ ಕಳೆದ ವರ್ಷದಿಂದ ಮೂಳೆ ಡಾಕ್ಟರ ಮಾತ್ರೆ ನಡೆಯುತ್ತಿದೆ. “ಈಗಲೇ ಇಷ್ಟು ಮಡಚಿದೆ. ಸೀಟು ಇನ್ನೂ ಇಳಿಸಿದ್ರೆ ಕಾಲು ಇನ್ನೂ ಮಡಚುತ್ತೆ ಅಲ್ವೇನಯ್ಯಾ? ಎರಡು ಗಂಟೆ ಹೀಗೆ ಕೂತು ಇಳಿದ್ರೆ ನಾನು ನಿಲ್ತೀನಾ?”

ಈ ಲೆಕ್ಕ ನನ್ನ ವಾದದೊಳಗೆ ಎಲ್ಲೂ ಇರಲಿಲ್ಲ. ಸೀಟು ಮತ್ತು ಫುಟ್‌ರೆಸ್ಟ್ ನಡುವಿನ ದೂರ ಅನ್ನುವುದು ಯಾವ ಹಾಳೆಯಲ್ಲೂ ಅಚ್ಚಾಗಿರುವುದಿಲ್ಲ. ಸೀಟಿನ ಎತ್ತರ ನೆಲದಿಂದ ಎಷ್ಟು ಅಂತ ಮಾತ್ರ ಇರುತ್ತದೆ. ಕಾಲು ಮಧ್ಯದಲ್ಲಿದ್ದಾಗ ಸೀಟು ಇಳಿಸಿದಷ್ಟೂ ಮಂಡಿಗೆ ಕಷ್ಟ. ಕಾಲು ಮುಂದಿದ್ದಾಗ ಸೀಟು ಎಷ್ಟು ಇಳಿಸಿದರೂ ಮಂಡಿ ಬಿಚ್ಚಿಕೊಂಡೇ ಇರುತ್ತದೆ. ತಗ್ಗು ಸೀಟೂ ಬೇಕು, ಮಂಡಿಗೆ ಸುಖವೂ ಬೇಕು ಅಂದರೆ ಕಾಲು ಮುಂದಕ್ಕೆ ಹೋಗಲೇಬೇಕು. ಕ್ರೂಸರುಗಳು ಹಾಗಿರುವುದಕ್ಕೆ ಷೋಕಿಯೊಂದೇ ಕಾರಣವಲ್ಲ. ಹಾರ್ಲೆಯ ಗಿರಾಕಿಗಳ ಆಯ್ಕೆಯನ್ನು ನಾನು ಇಷ್ಟು ವರ್ಷ ಬರೀ ಷೋಕಿ ಅಂದುಕೊಂಡೇ ಓದಿದ್ದೆ.

ಮಂಡಿ ಅಥವಾ ಸೊಂಟ, ಎರಡರಲ್ಲಿ ಯಾವುದಕ್ಕೆ ಪೆಟ್ಟು ಅನ್ನುವ ಪ್ರಶ್ನೆ ಉಳಿಯಿತು. ಜಿಟಿಯ ಫುಟ್‌ರೆಸ್ಟನ್ನು ಮೂರು ಜಾಗಗಳಲ್ಲಿ ಕೂರಿಸಬಹುದು, ಒಂದೊಂದಕ್ಕೂ 25 ಮಿ.ಮೀ. ಅಂತರ. ಆರ್‌ನಲ್ಲಿ ಮೇಲೆ ಕೆಳಗೆ 15 ಮಿ.ಮೀ. ಮಾತ್ರ. ಜಿಟಿಯ ಫುಟ್‌ರೆಸ್ಟನ್ನು ತೀರಾ ಹಿಂದಿನ ಜಾಗಕ್ಕೆ ಹಾಕಿಸಿ ಅಂತ ನಾನು, ನಡುವಿನದ್ದೇ ಇರಲಿ ಅಂತ ಭಾವ. ಹಂಪ್ ಬಂದಾಗ ಪೂರ್ತಿ ಏಳಲು ಆಗದಿದ್ದರೂ ಹಿಂದಿನ ಜಾಗದಲ್ಲಿ ಮೈ ಒಂಚೂರು ಹಗುರ ಮಾಡಿಕೊಳ್ಳಬಹುದು. ಈ ವಿಚಾರದಲ್ಲಿ ಅವರು ನನ್ನ ಮಾತು ಕೇಳಿದರು.

ದುಡ್ಡಿನ ವಿಚಾರ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಆರ್–ಜಿಟಿ ಜಗಳವೇ ಅಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳಿಗೆ ಜಿಎಸ್‌ಟಿ 40%. ಅದಕ್ಕೆ ಮೊದಲು ಸೆಸ್ ಸೇರಿ 31% ಇತ್ತು. ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ, ಒಂದು ಲಕ್ಷ ಮೀರಿದ ಬೈಕಿಗೆ 18%, ಆ ತೆರಿಗೆಗೆ ಇನ್ನೊಂದು ಸೆಸ್. ಇಪ್ಪತ್ತೆರಡು ಲಕ್ಷದ ಗಾಡಿಗೆ ನಾಲ್ಕು ಲಕ್ಷ ಬರೀ ನಂಬರ್ ಪ್ಲೇಟಿಗೆ ಕಟ್ಟುವವರು ಎರಡು ಮಾಡೆಲ್ ನಡುವಿನ ಅರವತ್ತು ಸಾವಿರಕ್ಕೆ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಹಿಡಿಕೆಯ ಹೀಟರ್ ಬಗ್ಗೆ ಮಾತ್ರ ಭಾವನಿಗೆ ಬಹಳ ದಿನ ಸಮಾಧಾನವಿರಲಿಲ್ಲ. ತಿಪಟೂರಿನಲ್ಲಿ ಅಂಗೈ ಬೆಚ್ಚಗೆ ಮಾಡಿಕೊಳ್ಳುವವರು ಯಾರು ಅಂತ. ಬಾಬಾಬುಡನ್‌ಗಿರಿಗೆ ಡಿಸೆಂಬರ್ ಬೆಳಿಗ್ಗೆ ಹತ್ತಿ ನೋಡಿ ಆಮೇಲೆ ಹೇಳಿ ಅಂದಿದ್ದೇನೆ. ಲೀಟರಿಗೆ 15 ಕಿ.ಮೀ. ಆಸುಪಾಸು ಕೊಡುತ್ತದೆ ಅಂದಾಗ, “ನಮ್ಮ ಟೆಂಪೋ ಇದಕ್ಕಿಂತ ಕಡಿಮೆ ಕೊಡುತ್ತೆ” ಅಂತ ಆ ವಿಷಯವನ್ನು ಅಲ್ಲಿಗೇ ಬಿಟ್ಟರು.

ಬುಕ್ ಮಾಡಿದ್ದು ಜಿಟಿ. ನಾನಾಗಿದ್ದರೆ ಆರ್ ತಗೊಳ್ಳುತ್ತಿದ್ದೆ, ಈಗಲೂ ಅದೇ ಮಾತು: ನನ್ನ ಮಂಡಿ ಗಟ್ಟಿಯಿದೆ, ಮನೆ ಮುಂದೆ ಇಳಿಜಾರಿಲ್ಲ, ನನ್ನ ಹೆಂಡತಿ ಬೈಕಿನ ಹಿಂದೆ ಕೂರುವುದನ್ನು ಬಿಟ್ಟು ಕಾಲವಾಯಿತು. ಭಾವ ಮುಂಗಡ ಕಟ್ಟಿ ಊರಿಗೆ ಹೋದವರು ಗಾರೆ ಕೆಲಸದವರನ್ನು ಕರೆಸಿ ಗೇಟಿನ ಮುಂದಿನ ಏರನ್ನು ಒಡೆಸಿದ್ದಾರೆ. ಕಾಂಪೌಂಡಿನ ಒಳಗಿನ ನೆಲವನ್ನು ಸ್ವಲ್ಪ ತಗ್ಗಿಸಿ, ಏರನ್ನು ಒಳಕ್ಕೆ ಉದ್ದ ಎಳೆದು, ಮೇಲೆ ಜಾರದ ಹಾಗೆ ಗೆರೆ ಕೊರೆಸುತ್ತಿದ್ದಾರಂತೆ. ಒಳಗೇ ಗಾಡಿ ತಿರುಗಿಸಿಕೊಳ್ಳಲು ಜಾಗ ಬೇಕು ಅಂತ ತುಳಸಿಕಟ್ಟೆಯನ್ನು ಮೂರಡಿ ಆಚೆ ಸರಿಸುವ ಪ್ರಸ್ತಾಪ ಇಟ್ಟಿದ್ದರು. ಅದಕ್ಕೆ ಅಕ್ಕ ಒಪ್ಪಿಲ್ಲ.